ಏಳು ಪಂದ್ಯದ ಜರ್ಸಿ

ಪೆಲ್ಟಿಯೇ ಮಿಸ್ ಕಿಟಕಿ ತೆಗೆದರು. ಹೊರಗೆ ಮೈನಸ್ ಇಪ್ಪತ್ತೇಳು ಡಿಗ್ರಿ. ಐದನೇ ಕ್ಲಾಸಿನ ಮಕ್ಕಳೆಲ್ಲ ಸ್ವೆಟರಿನ ಕಾಲರ್ ಮೇಲೆತ್ತಿಕೊಂಡು ಮುದುಡಿ ಕೂತರು. ಆದರೂ ಕಿಟಕಿ ಮುಚ್ಚಿ ಎಂದು ಯಾರೂ ಕೇಳಲಿಲ್ಲ.

"ಟೂಲಿ," ಎಂದರು ಮಿಸ್, ಮೂಗಿಗೆ ಕರವಸ್ತ್ರ ಹಿಡಿದು. "ಗಂಟೆ ಹತ್ತಾಯ್ತು ಅಂತ ಗಡಿಯಾರ ನೋಡದೇನೇ ಗೊತ್ತಾಗ್ತಿದೆ ಕಣಮ್ಮ."

ಟೂಲಿ ಕಂಗಸ್ ತಲೆ ತಗ್ಗಿಸಿ ತನ್ನ ಜರ್ಸಿಯ ಮೇಲಿದ್ದ ಮೀನನ್ನು ನೋಡಿದಳು. ಹಸಿರು ಜರ್ಸಿ, ಎದೆಯ ಮೇಲೆ ಹಲ್ಲು ಕಿರಿದ ಮೀನು, ಮೀನಿನ ಬಾಯಲ್ಲಿ ಹಾಕಿ ಸ್ಟಿಕ್. ಮೀನಿನ ಹೊಟ್ಟೆಯ ಮೇಲೆ ಸಾಸಿವೆ ಸಾಸಿನ ದೊಡ್ಡ ಕಲೆ.

ಆ ಜರ್ಸಿ ನೀರು ಕಾಣದೆ ಹನ್ನೊಂದು ತಿಂಗಳಾಗಿತ್ತು. ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲಿ ನೇತುಹಾಕುತ್ತಿದ್ದರಿಂದ ಬೆಳಿಗ್ಗೆ ಅದು ರಟ್ಟಿನಂತೆ ಸೆಟೆದಿರುತ್ತಿತ್ತು. ಬಸ್ಸಿನಲ್ಲಿ ಬರುವಾಗ ಏನೂ ವಾಸನೆ ಇಲ್ಲ. ರಾಷ್ಟ್ರಗೀತೆ ಹಾಡುವಾಗಲೂ ಇಲ್ಲ. ಹತ್ತು ಗಂಟೆಗೆ ಕ್ಲಾಸಿನ ಹೀಟರ್ ಚೆನ್ನಾಗಿ ಕಾದ ಮೇಲೆ, ಸರಿಯಾಗಿ ಗಣಿತದ ನಡುವೆ, ಜರ್ಸಿಗೆ ಎಚ್ಚರವಾಗುತ್ತಿತ್ತು.

"ಮಿಸ್, ನಾನು ಕಿಟಕಿ ಹತ್ರ ಕೂತ್ಕೊಳ್ಳಾ?" ಎಂದ ಎನ್ಸೊ. ಪಾಪ, ಅವನು ಟೂಲಿಯ ಪಕ್ಕದ ಸೀಟಿನವನು.

"ಅಲ್ಲಿ ಹಿಮ ಒಳಗೆ ಬೀಳ್ತಿದೆ ಎನ್ಸೊ."

"ಪರವಾಗಿಲ್ಲ ಮಿಸ್. ಹಿಮಕ್ಕೆ ವಾಸನೆ ಇಲ್ಲ."

ಎಲ್ಲರೂ ಕಿಸಕ್ಕನೆ ನಕ್ಕರು. ಮಿಸ್ ನಗಲಿಲ್ಲ. "ಟೂಲಿ, ನಾಳೆಯಿಂದ ಇದನ್ನ ತೊಳೆದು ಹಾಕ್ಕೊಂಡು ಬಾ. ಇಲ್ಲಾಂದ್ರೆ ಮನೇಲಿ ಬಿಟ್ಟು ಬಾ."

"ತೊಳೆಯೋಕಾಗಲ್ಲ ಮಿಸ್," ಎಂದಳು ಟೂಲಿ. "ಪೈಕ್ಸ್ ಇನ್ನೂ ಸೋತಿಲ್ಲ."

ಬೇರೆ ಊರಿನಲ್ಲಾಗಿದ್ದರೆ ಈ ಮಾತಿಗೆ ಬೈಗುಳ ಸಿಗುತ್ತಿತ್ತು. ನಮ್ಮೂರಿನಲ್ಲಿ ಕ್ಲಾಸು ಗಂಭೀರವಾಯಿತು. ಮಿಸ್ ಕೂಡ ಕರವಸ್ತ್ರ ಇಳಿಸಿ ಸ್ವಲ್ಪ ಯೋಚಿಸಿದರು. ಅವರೂ ಈ ಊರಿನವರೇ ತಾನೇ.

"ಬುಧವಾರದವರೆಗೆ ಬಿಡಿ ಮಿಸ್," ಎಂದಳು ಟೂಲಿ. "ಬುಧವಾರ ಕೊನೇ ದಿನ ಅಂತೆ. ಅವತ್ತು ಮಾಲೀಕರೂ ಆಟಗಾರರೂ ರಾಜಿ ಆಗ್ತಾರೆ. ಮ್ಯಾಚ್ ಶುರುವಾಗತ್ತೆ. ಶುರುವಾದ್ರೆ ಪೈಕ್ಸ್ ಹೇಗೂ ಸೋಲ್ತಾರೆ. ಸೋತ ದಿನಾನೇ ತೊಳೀತೀನಿ."

"ಸರಿ. ಬುಧವಾರದವರೆಗೆ," ಎಂದರು ಮಿಸ್. "ಎನ್ಸೊ, ನೀನು ಕಿಟಕಿ ಹತ್ರ ಕೂತ್ಕೋ."

ಈ ಪೈಕ್ಸ್ ಯಾರು ಎಂದು ಹೇಳಿಬಿಡುತ್ತೇನೆ. ಅದು ನಮ್ಮೂರಿನ ಐಸ್ ಹಾಕಿ ತಂಡ. ಸಂಬಳಕ್ಕೆ ಆಡುವ ದೊಡ್ಡ ತಂಡ. ಬೇರೆ ಊರಿನವರು ತಮ್ಮ ತಂಡಕ್ಕೆ ಹುಲಿ, ಕರಡಿ, ಗಿಡುಗ ಎಂದು ಹೆಸರಿಡುತ್ತಾರೆ. ನಮ್ಮ ಹಿರಿಯರು ಮೀನಿನ ಹೆಸರಿಟ್ಟರು. ಪೈಕ್ ಮೀನಿಗೆ ಹಲ್ಲು ಜಾಸ್ತಿ, ಮುಳ್ಳು ಜಾಸ್ತಿ, ರುಚಿ ಮಾತ್ರ ಅಷ್ಟಕ್ಕಷ್ಟೇ. ತಂಡವೂ ಹಾಗೇ ಆಡುತ್ತಿತ್ತು.

ಹೋದ ಮಾರ್ಚ್‌ನಲ್ಲಿ ಟೂಲಿಗೆ ಹತ್ತು ತುಂಬಿದಾಗ ಅವಳ ಅಪ್ಪ ಈ ಜರ್ಸಿ ತಂದುಕೊಟ್ಟ. ಅದನ್ನು ಹಾಕಿಕೊಂಡು ಮ್ಯಾಚಿಗೆ ಹೋದಳು, ಹಾಟ್ ಡಾಗ್ ತಿನ್ನುವಾಗ ಸಾಸಿವೆ ಸಾಸ್ ಚೆಲ್ಲಿಕೊಂಡಳು, ಪೈಕ್ಸ್ ಗೆದ್ದಿತು. ಮುಂದಿನ ಮ್ಯಾಚಿಗೂ ಅದನ್ನೇ ಹಾಕಿದಳು. ಮತ್ತೆ ಗೆದ್ದಿತು. ಹೀಗೆ ಸೀಸನ್ನಿನ ಕೊನೆಯ ಏಳು ಪಂದ್ಯ ಸಾಲಾಗಿ ಗೆದ್ದಿತು. ಅಷ್ಟು ಗೆದ್ದರೂ ಅಂಕಪಟ್ಟಿಯಲ್ಲಿ ಕೆಳಗಿನಿಂದ ಮೂರನೆಯ ಜಾಗ ಸಿಕ್ಕಿತು, ಆ ಮಾತು ಬೇರೆ.

ತಂಡ ಗೆಲ್ಲುತ್ತಿರುವಾಗ ನಾವು ಹಾಕಿಕೊಂಡದ್ದನ್ನು ಸೋಲುವವರೆಗೆ ತೊಳೆಯುವುದಿಲ್ಲ. ಆಟಗಾರರೂ ತೊಳೆಯುವುದಿಲ್ಲ, ನಾವೂ ತೊಳೆಯುವುದಿಲ್ಲ. ತೊಳೆದರೆ ಅದೃಷ್ಟ ನೀರಿನ ಜೊತೆ ಹೋಗುತ್ತದೆ ಎಂದು ನಂಬಿಕೆ. ಈ ಕತೆ ಹೇಳುತ್ತಿರುವ ನಾನು ಟೂಲಿಯ ಸ್ಕೂಲಿನಲ್ಲಿ ಬಾಯ್ಲರ್, ಪೊರಕೆ, ಬೀಗದ ಕೈ ನೋಡಿಕೊಳ್ಳುವವನು. ಹೆಸರು ಬರ್ಟ್. ಆ ಏಳೂ ಪಂದ್ಯಗಳನ್ನು ನಾನು ಒಂದೇ ಜೊತೆ ಕಾಲುಚೀಲದಲ್ಲಿ ನೋಡಿದವನು. ನನ್ನ ಹೆಂಡತಿ ಆ ತಿಂಗಳು ಅವಳ ಅಕ್ಕನ ಮನೆಯಲ್ಲಿದ್ದಳು. ಆದ್ದರಿಂದ ಟೂಲಿಯನ್ನು ನೋಡಿ ನಗುವ ಹಕ್ಕು ನನಗಂತೂ ಇಲ್ಲ.

ಅಕ್ಟೋಬರ್‌ನಲ್ಲಿ ಹೊಸ ಸೀಸನ್ ಶುರುವಾಗಬೇಕಿತ್ತು. ಆಗಲೇ ತಂಡಗಳ ಮಾಲೀಕರಿಗೂ ಆಟಗಾರರಿಗೂ ಸಂಬಳದ ಜಗಳ ಬಂತು. ಮಾಲೀಕರು ಲೀಗಿನ ಎಲ್ಲ ಸ್ಟೇಡಿಯಂಗಳಿಗೆ ಬೀಗ ಹಾಕಿದರು. ನವೆಂಬರ್ ಹೋಯಿತು, ಡಿಸೆಂಬರ್ ಹೋಯಿತು, ಜನವರಿಯೂ ಹೋಯಿತು. ನಮ್ಮೂರಿನ ಬೇಕರಿಯವನು ಅಂಗಡಿಯ ಮುಂದೆ ಬೋರ್ಡ್ ಹಾಕಿದ: 'ಪೈಕ್ಸ್‌ಗೆ ಅಭಿನಂದನೆ. ಈ ಸೀಸನ್ನಿನಲ್ಲಿ ಒಂದೂ ಸೋಲಿಲ್ಲ.' ನಾವೆಲ್ಲ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡೆವು.

ಟೂಲಿ ತೆಗೆಸಿಕೊಳ್ಳಲಿಲ್ಲ. ಅವಳಿಗೆ ಅದು ತಮಾಷೆಯಾಗಿರಲಿಲ್ಲ. ಯಾಕೆಂದರೆ ಅವಳ ಅಪ್ಪ ಆರ್ವೊ ಕಂಗಸ್ ಆ ಸ್ಟೇಡಿಯಂನ ಐಸ್ ಗಾಡಿ ಓಡಿಸುತ್ತಿದ್ದವನು.

ಹಾಕಿ ಆಟ ಮೂರು ಭಾಗ. ಒಂದು ಭಾಗ ಮುಗಿಯುವಷ್ಟರಲ್ಲಿ ಸ್ಕೇಟಿನ ಅಲಗು ತಾಗಿ ಐಸೆಲ್ಲ ಗೀರು ಗೀರಾಗುತ್ತದೆ. ಆಗ ಆನೆಯಷ್ಟು ದೊಡ್ಡ ಗಾಡಿಯೊಂದು ಬಂದು, ಮೇಲಿನ ಪದರ ಹೆರೆದು, ಬಿಸಿನೀರು ಹಾಕುತ್ತ, ಸುತ್ತು ಸುತ್ತಿ ಐಸನ್ನು ಕನ್ನಡಿಯಂತೆ ಮಾಡಿ ಹೋಗುತ್ತದೆ. ಆರು ಸಾವಿರ ಜನ ಪಾಪ್‌ಕಾರ್ನ್ ತಿನ್ನುತ್ತ ಅದನ್ನೇ ನೋಡುತ್ತಾರೆ. ಟೂಲಿಯ ಸೀಟಿನ ಎದುರು ಬಂದಾಗ ಅಪ್ಪ ಸ್ಟೀರಿಂಗ್ ಮೇಲಿಂದ ಎರಡು ಬೆರಳು ಎತ್ತುತ್ತಿದ್ದ. ಅಷ್ಟೇ, ಎರಡು ಬೆರಳು. ಟೂಲಿಗೆ ಆಟಕ್ಕಿಂತ ಅದೇ ಮುಖ್ಯವಾಗಿತ್ತು.

ಬೀಗ ಬಿದ್ದ ಮೇಲೆ ಅಪ್ಪ ಸ್ಕೂಲ್ ಬಸ್ ಓಡಿಸಲು ಸೇರಿಕೊಂಡ. ಅದೂ ಟೂಲಿಯದೇ ಬಸ್ಸು.

ಮೊದಲ ದಿನವೇ ಟೂಲಿ ಮನೆಯಲ್ಲಿ ಹೇಳಿಬಿಟ್ಟಿದ್ದಳು. "ಅಪ್ಪ, ಬಸ್ಸಲ್ಲಿ, ಸ್ಕೂಲ್ ಹತ್ರ, ನೀನು ನನ್ನ ಅಪ್ಪ ಅಲ್ಲ. ಬರೀ ಡ್ರೈವರ್. ಎಲ್ಲರ ಮುಂದೆ ನನ್ನ ಕರೀಬೇಡ. ಸ್ಕೂಲ್ ಒಳಗಂತೂ ಬರಲೇಬೇಡ."

"ಆಯ್ತು," ಎಂದಿದ್ದ ಅಪ್ಪ.

ಅಂದಿನಿಂದ ದಿನಾ ಬೆಳಿಗ್ಗೆ ಅವಳು ಬಸ್ ಹತ್ತುವಾಗ "ಗುಡ್ ಮಾರ್ನಿಂಗ್, ಮಿಸ್ಟರ್ ಕಂಗಸ್" ಎನ್ನುತ್ತಿದ್ದಳು. "ಗುಡ್ ಮಾರ್ನಿಂಗ್, ಮಿಸ್ ಕಂಗಸ್. ಮೆಟ್ಟಿಲು ಜಾರತ್ತೆ, ನೋಡ್ಕೊಂಡು ಹತ್ತಿ" ಎನ್ನುತ್ತಿದ್ದ ಅಪ್ಪ. ಎರಡು ಬೆರಳು ಮಾತ್ರ ಸ್ಟೀರಿಂಗ್ ಬಿಟ್ಟು ಏಳುತ್ತಿರಲಿಲ್ಲ.

ಟೂಲಿಯ ಲೆಕ್ಕ ಸುಲಭವಾಗಿತ್ತು. ಜರ್ಸಿ ತೊಳೆಯದಿದ್ದರೆ ಅದೃಷ್ಟ ಉಳಿಯುತ್ತದೆ. ಅದೃಷ್ಟ ಉಳಿದರೆ ಮ್ಯಾಚ್ ಶುರುವಾಗುತ್ತದೆ. ಮ್ಯಾಚ್ ಶುರುವಾದರೆ ಅಪ್ಪ ಮತ್ತೆ ಐಸಿನ ಮೇಲೆ ಹೋಗುತ್ತಾನೆ. ಕ್ಲಾಸಿನವರು ಮೂಗು ಮುಚ್ಚಿಕೊಂಡರೂ ಅವಳು ಇದನ್ನು ಯಾರಿಗೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ದಿನ ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಕ್ಕಳೆಲ್ಲ ಸ್ಕೂಲಿನ ಹಿಂದಿನ ಐಸ್ ಅಂಗಳಕ್ಕೆ ಓಡಿದರು. ನಮ್ಮಲ್ಲಿ ಎಲ್ಲ ಸ್ಕೂಲಿನ ಹಿಂದೆಯೂ ಬಯಲಿಗೆ ನೀರು ಹರಿಸಿ ಐಸ್ ಮಾಡುತ್ತಾರೆ. ಆ ವರ್ಷ ಅದು ಎಂದಿಲ್ಲದಷ್ಟು ನುಣುಪಾಗಿತ್ತು.

"ಮಿಸ್ಟರ್ ಬರ್ಟ್, ಈ ವರ್ಷ ಐಸ್ ಸೂಪರ್," ಎಂದ ಎನ್ಸೊ ನನ್ನ ಹತ್ತಿರ ಬಂದು. "ಹೋದ ವರ್ಷ ನೀವು ಮಾಡಿದ್ದು ಆಲೂಗಡ್ಡೆ ಹೊಲದ ಥರ ಇತ್ತು."

ನಾನು ಸುಮ್ಮನೆ ತಲೆಯಾಡಿಸಿದೆ. ನಾನು ಯಾಕೆ ಸುಮ್ಮನೆ ತಲೆಯಾಡಿಸಿದೆ ಎನ್ನುವುದು ಸ್ವಲ್ಪ ನಾಚಿಕೆಯ ವಿಷಯ. ಅದು ಆಮೇಲೆ ಬರುತ್ತದೆ.

ಸಂಜೆ ಮನೆಯಲ್ಲಿ ಮುಮ್ಮೊ ಕಾಫಿ ಕುಡಿಯುತ್ತ ಕೂತಿದ್ದಳು. ಮುಮ್ಮೊ ಎಂದರೆ ಟೂಲಿಯ ಅಜ್ಜಿ. ಟೂಲಿಯ ಅಮ್ಮ ಆಸ್ಪತ್ರೆಯ ಡ್ಯೂಟಿಗೆ ಹೋದ ದಿನ ಮನೆಯ ಆಡಳಿತವೆಲ್ಲ ಮುಮ್ಮೊಳದೇ.

"ಏನೇ, ನಿನ್ನ ಆ ಭೂತ ಎಲ್ಲಿ?" ಎಂದಳು ಮುಮ್ಮೊ. "ನಿನ್ನೆ ಸೌದೆ ತರೋಕೆ ಹೋದ್ರೆ ಕೊಟ್ಟಿಗೇಲಿ ಯಾರೋ ತಲೆ ಇಲ್ಲದೋರು ನಿಂತಿದಾರೆ ಅಂತ ಎದೆ ಒಡೀತು. ನೋಡಿದ್ರೆ ನಿನ್ನ ಜರ್ಸಿ."

"ಇವತ್ತು ಬಾಗಿಲ ಕಡೆ ಬೆನ್ನು ಮಾಡಿ ನಿಲ್ಲಿಸಿದೀನಿ."

"ಶನಿವಾರ ಹಬೆಸ್ನಾನಕ್ಕೆ ಸೌನಾ ಕಾಯಿಸ್ದಾಗ ಅಷ್ಟು ಬಿಸಿನೀರಿತ್ತು. ಒಂದು ಸಲ ಅದ್ದಿ ತೆಗೆದಿದ್ರೆ ಆಗ್ತಿತ್ತು."

"ಲಕ್ ಹೋಗತ್ತೆ ಮುಮ್ಮೊ."

"ಇದನ್ನ ಲಕ್ ಅಂತಾರೇನೇ? ನಾಲ್ಕು ತಿಂಗಳಿಂದ ಸ್ಟೇಡಿಯಂಗೆ ಬೀಗ, ನಿಮ್ಮಪ್ಪ ಬಸ್ಸಲ್ಲಿ, ನೀನು ಹಿಂಗೆ ನಾರ್ತಾ ಇದೀಯ. ಇದು ಲಕ್ ಆದ್ರೆ ದುರದೃಷ್ಟ ಹೆಂಗಿರತ್ತೋ ನೋಡ್ಬೇಕು."

ಟೂಲಿಗೆ ಸಿಟ್ಟು ಬಂತು. "ಎಲ್ಲಾ ಆ ಆಟಗಾರರಿಂದ. ಎಷ್ಟು ಕೊಟ್ರೂ ಸಾಲ್ದು ಅವರಿಗೆ. ದುರಾಸೆ."

ಮುಮ್ಮೊ ಕಾಫಿ ಲೋಟ ಕೆಳಗಿಟ್ಟಳು. "ನೋಡು, ಈ ಮನೇಲಿ ಕೂತ್ಕೊಂಡು ಸಂಘ ಕಟ್ಟಿದೋರನ್ನ ಬಯ್ಯಬಾರ್ದು. ನಾನು ಕಾಡಿನ ಕ್ಯಾಂಪಲ್ಲಿ ಮರ ಕಡಿಯೋರಿಗೆ ಅಡಿಗೆ ಮಾಡ್ಕೊಂಡು ಮೂರು ಮುಷ್ಕರ ಕಂಡಿದೀನಿ. ಇದು ಮುಷ್ಕರಾನೂ ಅಲ್ಲ. ಬೀಗ ಹಾಕಿದೋರು ಮಾಲೀಕರು." ಲೋಟ ಮತ್ತೆ ಎತ್ತಿಕೊಂಡು ಹೇಳಿದಳು, "ಆದ್ರೆ ಎರಡೂ ಕಡೆಯೋರು ನನ್ನ ಮನೆಯಷ್ಟು ದೊಡ್ಡ ಕಾರಲ್ಲಿ ಬಂದು ಜಗಳ ಆಡೋದನ್ನ ಇದೇ ಮೊದಲು ನೋಡ್ತಿರೋದು."

"ಅಪ್ಪ ಯಾರ ಕಡೆ ಮುಮ್ಮೊ?"

"ನಿಮ್ಮಪ್ಪಾನಾ? ಅವನನ್ನ ಯಾರೂ ಕೇಳೇ ಇಲ್ವಲ್ಲೇ."

ಆಗ ಅಪ್ಪ ಒಳಗೆ ಬಂದ. ಅವನ ಕೋಟಿನ ತೋಳು ಮೊಣಕೈಯವರೆಗೆ ಹೆಪ್ಪುಗಟ್ಟಿ ಬಿಳಿಯಾಗಿತ್ತು. ಕೋಟನ್ನು ಗೂಟಕ್ಕೆ ಹಾಕಿದಾಗ ತೋಳು ಮಡಿಸಲಾರದೆ ಮುಂದಕ್ಕೆ ಚಾಚಿಕೊಂಡೇ ನಿಂತಿತು.

"ಬಸ್ ತೊಳೆದ್ಯಾ?" ಎಂದಳು ಟೂಲಿ.

"ಹೂಂ, ಹಾಗೇ ಏನೋ," ಎಂದು ಅಪ್ಪ ಒಲೆಗೆ ಕೈ ಕಾಯಿಸಿಕೊಂಡ. ಮುಮ್ಮೊ ಮಗನನ್ನು ಓರೆಗಣ್ಣಿನಿಂದ ನೋಡಿದಳು. ಮೈನಸ್ ಇಪ್ಪತ್ತೇಳರಲ್ಲಿ ಬಸ್ ತೊಳೆಯುವ ಮನುಷ್ಯ ನಮ್ಮೂರಿನಲ್ಲಿ ಇನ್ನೂ ಹುಟ್ಟಿಲ್ಲ. ಆದರೆ ಟೂಲಿಗೆ ಆಗ ಬುಧವಾರದ ಚಿಂತೆ.

ಬುಧವಾರ ಬಂತು. ಸ್ಕೂಲ್ ಬಿಟ್ಟ ಮೇಲೆ ಮಕ್ಕಳು ಬಸ್ ಹತ್ತಿದರು. ಯಾವಾಗಲೂ ಹಿಂದಿನ ಸೀಟಿಗೆ ಓಡುವ ಟೂಲಿ ಅಂದು ಡ್ರೈವರಿನ ಹಿಂದಿನ ಸೀಟಿನಲ್ಲೇ ಕೂತಳು. ರೇಡಿಯೋ ಅಲ್ಲಿತ್ತು. ಎನ್ಸೊ ಅವಳ ಪಕ್ಕ ಕೂತ. ಬಸ್ಸಿಗೆ ಕಾಯುವಷ್ಟರಲ್ಲಿ ಚಳಿಗೆ ಜರ್ಸಿ ಮತ್ತೆ ಸೆಟೆದಿದ್ದರಿಂದ ಅವನಿಗೆ ಧೈರ್ಯವಿತ್ತು.

"ಮಿಸ್ಟರ್ ಕಂಗಸ್, ನ್ಯೂಸ್ ಹಾಕಿ," ಎಂದ ಎನ್ಸೊ.

ಅಪ್ಪ ರೇಡಿಯೋ ಹಾಕಿದ. ಮೊದಲು ಹವಾಮಾನ. ಆಮೇಲೆ ದಾರಿಯಲ್ಲಿ ಕೆಟ್ಟು ನಿಂತ ಲಾರಿ. ಆಮೇಲೆ, "ಹಾಕಿ ಲೀಗಿನ ಅಧ್ಯಕ್ಷರು ಸ್ವಲ್ಪ ಹೊತ್ತಿನ ಹಿಂದೆ ಪತ್ರಕರ್ತರ ಜೊತೆ ಮಾತನಾಡುತ್ತ—"

ಅಷ್ಟರಲ್ಲಿ ರೈಲ್ವೆ ಗೇಟು ಬಂತು.

ನಮ್ಮಲ್ಲಿ ಸ್ಕೂಲ್ ಬಸ್ಸಿಗೆ ಒಂದು ನಿಯಮ. ರೈಲು ಹಳಿ ಬಂದರೆ ಬಸ್ ನಿಲ್ಲಿಸಬೇಕು, ರೇಡಿಯೋ ಆರಿಸಬೇಕು, ಬಾಗಿಲು ತೆಗೆದು ರೈಲಿನ ಸದ್ದು ಕೇಳುತ್ತದೆಯೇ ಎಂದು ಕಿವಿಗೊಡಬೇಕು. ಮಕ್ಕಳು ತುಟಿ ಬಿಚ್ಚಬಾರದು. ಆ ಹೊತ್ತಿಗೆ ಅಲ್ಲಿ ರೈಲು ಬಂದದ್ದನ್ನು ಕಂಡವರು ಯಾರೂ ಇಲ್ಲ. ಆದರೂ ನಿಯಮ ನಿಯಮವೇ.

ಅಪ್ಪ ರೇಡಿಯೋ ಆರಿಸಿದ.

"ಮಿಸ್ಟರ್ ಕಂಗಸ್, ಪ್ಲೀಸ್," ಎಂದ ಎನ್ಸೊ.

"ಶ್," ಎಂದ ಅಪ್ಪ. ಬಾಗಿಲು ತೆಗೆದ. ಕೊರೆಯುವ ಗಾಳಿ ಒಳಗೆ ನುಗ್ಗಿತು. ಅಪ್ಪ ಎಡಕ್ಕೆ ನೋಡಿದ. ಬಲಕ್ಕೆ ನೋಡಿದ. ಇನ್ನೊಮ್ಮೆ ಎಡಕ್ಕೆ ನೋಡಿದ. ಟೂಲಿ ಜರ್ಸಿಯ ಮೀನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. ಬಾಗಿಲು ಮುಚ್ಚಿತು. ಬಸ್ಸು ಹಳಿ ದಾಟಿತು. ಅಪ್ಪ ಮತ್ತೆ ರೇಡಿಯೋ ಹಾಕಿದ.

"—ಇಡೀ ಸೀಸನ್ ರದ್ದಾಗಿದೆ. ಈ ವರ್ಷ ಒಂದು ಪಂದ್ಯವೂ ನಡೆಯುವುದಿಲ್ಲ. ಈಗ ಜಾಹೀರಾತು."

ಒಂದನೇ ಕ್ಲಾಸಿನ ಪುಟ್ಟ ಹುಡುಗನೊಬ್ಬ ಕೇಳಿದ, "ಅಂದ್ರೆ ನಾವು ಸೋತ್ವಾ?"

"ಇಲ್ಲ ಕಣೋ," ಎಂದ ಎನ್ಸೊ. "ಸೋಲೋಕೂ ಮ್ಯಾಚ್ ಇರಬೇಕಲ್ಲ."

ಟೂಲಿ ಅಪ್ಪನ ತಲೆಯ ಹಿಂಭಾಗವನ್ನೇ ನೋಡುತ್ತಿದ್ದಳು. ಟೋಪಿಯ ಕೆಳಗೆ ಕಿವಿ ಕೆಂಪಗಿತ್ತು. ಅಪ್ಪ ರೇಡಿಯೋ ಆರಿಸಿದ. ಮುಂದಿನ ಸ್ಟಾಪಿನಲ್ಲಿ ಬಸ್ ನಿಲ್ಲಿಸಿದ, ಬಾಗಿಲು ತೆಗೆದ, "ಮೆಟ್ಟಿಲು ಜಾರತ್ತೆ, ನೋಡ್ಕೊಂಡು ಇಳೀರಿ" ಎಂದ. ಅದರ ಮುಂದಿನ ಸ್ಟಾಪಿನಲ್ಲೂ ಅದನ್ನೇ ಹೇಳಿದ. ಟೂಲಿಗೆ ಅಳು ಬಂತು. ಅವಳು ಜರ್ಸಿಯ ತೋಳಿನಿಂದ ಮೂಗು ಒರೆಸಿಕೊಂಡಳು. ಜರ್ಸಿಗೆ ಅದರಿಂದ ಹೆಚ್ಚೇನೂ ನಷ್ಟವಾಗಲಿಲ್ಲ.

ಅಂದೂ ಅವಳು ಜರ್ಸಿ ತೊಳೆಯಲಿಲ್ಲ. "ಈ ವರ್ಷ ಹೋದ್ರೆ ಹೋಯ್ತು. ತೊಳೆದ್ರೆ ಮುಂದಿನ ವರ್ಷಾನೂ ಹೋಗತ್ತೆ," ಎಂದಳು. ಮುಮ್ಮೊ ಅವಳ ಮುಖ ನೋಡಿ, ಏಲಕ್ಕಿ ಬನ್ನಿನ ತಟ್ಟೆಯನ್ನು ಅವಳ ಕಡೆ ತಳ್ಳಿದಳು.

ಗುರುವಾರ ಹತ್ತು ಗಂಟೆಗೆ ಕ್ಲಾಸಿನಲ್ಲಿ ಜರ್ಸಿಗೆ ಎಚ್ಚರವಾಯಿತು.

ಪೆಲ್ಟಿಯೇ ಮಿಸ್ ಹನ್ನೊಂದೂವರೆಯವರೆಗೆ ತಡೆದುಕೊಂಡು, ಕೊನೆಗೆ ಸೀಮೆಸುಣ್ಣ ಕೆಳಗಿಟ್ಟರು. ಅವರೂ ಹಿಂದಿನ ದಿನ ರೇಡಿಯೋ ಕೇಳಿದ್ದರು, ಹಾಗಾಗಿ ಬೈಯಲಿಲ್ಲ. "ಟೂಲಿ, ಕೋಟ್ ಹಾಕ್ಕೊಂಡು ಹೋಗಿ ಅದನ್ನ ಹಿಂದಿನ ಬೇಲಿಗೆ ನೇತುಹಾಕಿ ಬಾ. ಸಂಜೆ ಮನೆಗೆ ಹೋಗುವಾಗ ತಗೊಂಡು ಹೋಗು. ನಾಳೆ ಮಾತ್ರ ಬೇಡ, ಆಯ್ತಾ?"

ಟೂಲಿ ಜರ್ಸಿ ಕಳಚಿ, ಸ್ವೆಟರಿನ ಮೇಲೆ ಕೋಟ್ ಹಾಕಿ, ಉದ್ದದ ಕಾರಿಡಾರ್ ದಾಟಿ ಹಿಂಬಾಗಿಲಿಗೆ ಬಂದಳು. ಅವರ ಕ್ಲಾಸಿನ ಕಿಟಕಿಗಳು ರಸ್ತೆಯ ಕಡೆಗೆ. ಹಿಂದಿನ ಅಂಗಳವನ್ನು ಪಾಠದ ಹೊತ್ತಿನಲ್ಲಿ ಅವಳು ಎಂದೂ ನೋಡಿರಲಿಲ್ಲ.

ಬಾಗಿಲು ತೆಗೆದಳು. ಐಸಿನ ಮೇಲೆ ಒಬ್ಬ ಮನುಷ್ಯ ಜಾರುಬಂಡಿಗೆ ಹಗ್ಗ ಕಟ್ಟಿ ಎಳೆಯುತ್ತ ನಡೆಯುತ್ತಿದ್ದ. ಬಂಡಿಯ ಮೇಲೆ ಒಂದು ಪೀಪಾಯಿ, ಅದರಿಂದ ಹಬೆ ಏಳುತ್ತಿತ್ತು. ಪೀಪಾಯಿಯ ಹಿಂದೆ ತೂತು ಕೊರೆದ ಪೈಪು ಅಡ್ಡಕ್ಕೆ ಇತ್ತು. ಪೈಪಿನಿಂದ ಬಿಸಿನೀರು ಸುರಿದು ಐಸಿನ ಮೇಲೆ ಹರಡುತ್ತಿತ್ತು. ಪೈಪಿಗೆ ಕಟ್ಟಿದ್ದ ಒಂದು ಗೋಣಿಚೀಲ ನೀರನ್ನು ಸಮ ಮಾಡುತ್ತ ಹಿಂದೆ ಬರುತ್ತಿತ್ತು. ಅವನು ಅಂಚಿನಿಂದ ಶುರುಮಾಡಿ, ಮೂಲೆಯಲ್ಲಿ ಅಗಲವಾಗಿ ತಿರುಗಿ, ನಡುವೆ ಹಾದು ಬರುತ್ತಿದ್ದ. ಆ ಸುತ್ತು ಟೂಲಿಗೆ ಬಾಯಿಪಾಠವಾಗಿತ್ತು. ಸ್ಟೇಡಿಯಂನಲ್ಲಿ ಆನೆಯಂಥ ಗಾಡಿ ಸುತ್ತುತ್ತಿದ್ದದ್ದು ಹೀಗೆಯೇ.

"ಅಪ್ಪ?" ಎಂದಳು.

ಅಪ್ಪ ಬೆಚ್ಚಿಬಿದ್ದ. ಕಳ್ಳ ಸಿಕ್ಕಿಬಿದ್ದ ಹಾಗೆ ನಿಂತ. "ಯಾರಿಗೂ ಕಾಣಲ್ಲ ಅಂತ ಈ ಹೊತ್ತಲ್ಲಿ ಮಾಡ್ತಿದ್ದೆ ಪುಟ್ಟಾ. ಇನ್ನೇನು ಮುಗೀತು. ನಿನ್ನ ಫ್ರೆಂಡ್ಸ್ ಹೊರಗೆ ಬರೋಷ್ಟರಲ್ಲಿ ಹೊರಟುಬಿಡ್ತೀನಿ."

ಟೂಲಿ ಜರ್ಸಿ ಹಿಡಿದುಕೊಂಡೇ ಐಸಿನ ಅಂಚಿಗೆ ಬಂದಳು. ಸ್ಕೂಲ್ ಒಳಗಂತೂ ಬರಲೇಬೇಡ ಎಂದು ಹೇಳಿದ್ದವಳು ಅವಳೇ.

"ಯಾವಾಗಿಂದ ಮಾಡ್ತಿದೀಯಾ?" ಎಂದಳು.

"ಡಿಸೆಂಬರಿಂದ. ಬೆಳಿಗ್ಗೆ ಟ್ರಿಪ್ ಮುಗಿಸಿದ್ರೆ ಸಾಯಂಕಾಲದವರೆಗೂ ಖಾಲಿ ಕೂತಿರ್ಬೇಕು. ಕೆಲವು ದಿನ ಸಂಜೆ ಟ್ರಿಪ್ ಆದ್ಮೇಲೂ ಬರ್ತೀನಿ. ಬರ್ಟ್ ಬಾಯ್ಲರಿಂದ ಬಿಸಿನೀರು ಕೊಡ್ತಾನೆ."

ಇದೇ ಆ ನಾಚಿಕೆಯ ವಿಷಯ. ನೀರು ಕೊಟ್ಟದ್ದಷ್ಟೇ ನಾನು. ಥ್ಯಾಂಕ್ಸ್ ಪೂರ್ತಿ ತೆಗೆದುಕೊಂಡದ್ದೂ ನಾನು. ಯಾರಿಗೂ ಹೇಳಬೇಡ ಎಂದು ಆರ್ವೊ ಕೇಳಿಕೊಂಡಿದ್ದ, ನಿಜ. ಆದರೆ ಆ ಮಾತನ್ನು ನಾನು ಸ್ವಲ್ಪ ಹೆಚ್ಚೇ ಖುಷಿಯಿಂದ ಪಾಲಿಸಿದೆ. ಅಂದೂ ಬಾಯ್ಲರ್ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡುತ್ತಿದ್ದೆ.

"ನಿನ್ನೆ ಸೀಸನ್ ಹೋಯ್ತಲ್ಲಪ್ಪ," ಎಂದಳು ಟೂಲಿ.

"ಹೋಯ್ತು. ಆದ್ರೆ ನಿನ್ನೆ ಇಲ್ಲಿ ನೀವೆಲ್ಲ ಆಡಿ ಐಸೆಲ್ಲ ಗೀರು ಗೀರು ಮಾಡಿದೀರಿ," ಎಂದ ಅಪ್ಪ. ಬಗ್ಗಿ ಗೋಣಿಚೀಲ ನೋಡಿದ. ಅದು ಹೆಪ್ಪುಗಟ್ಟಿ ನಡುವೆ ಹರಿದಿತ್ತು. ಹರಿದಲ್ಲಿ ನೀರು ಒಟ್ಟಾಗಿ ಸುರಿದು ಐಸಿನ ಮೇಲೆ ಏಣು ಎದ್ದಿತ್ತು. "ಥೂ, ಇದರ ಕತೆ ಮುಗೀತು. ಇದಕ್ಕೆ ಗೋಣಿ ಆಗಲ್ಲ. ದಪ್ಪ ಬಟ್ಟೆ ಬೇಕು, ನೀರು ಚೆನ್ನಾಗಿ ಹೀರೋ ಅಂಥದ್ದು. ಊಟದ ಬೆಲ್ ಹೊತ್ತಿಗೆ ಆಗಲ್ಲ ಅನ್ಸತ್ತೆ."

ಟೂಲಿ ಕೈಯಲ್ಲಿದ್ದ ಜರ್ಸಿಯನ್ನು ನೋಡಿದಳು. ಮೀನು ಹಲ್ಲು ಕಿರಿಯಿತು. ಏಳು ಪಂದ್ಯದ ಅದೃಷ್ಟವೆಲ್ಲ ಅದರೊಳಗೇ ಇತ್ತು, ಸಾಸಿವೆ ಸಾಸಿನ ಜೊತೆ.

ಅವಳು ಜರ್ಸಿಯನ್ನು ಚಾಚಿದಳು.

"ಬೇಡ ಪುಟ್ಟಾ," ಎಂದ ಅಪ್ಪ. "ಬಿಸಿನೀರು ಅದು. ತೊಳೆದುಹೋಗತ್ತೆ."

"ಗೊತ್ತು."

"ಲಕ್ ಹೋಗತ್ತೆ ಅಂತಿದ್ಯಲ್ಲ?"

"ಹೋಗ್ಲಿ ಬಿಡಪ್ಪ. ಬೇಗ ಕಟ್ಟು. ಬೆಲ್ ಆಗತ್ತೆ."

ಅಪ್ಪ ಅವಳನ್ನು ಒಂದು ಗಳಿಗೆ ನೋಡಿದ. ಆಮೇಲೆ ಗೋಣಿಚೀಲ ಬಿಚ್ಚಿ, ಜರ್ಸಿಯ ಎರಡು ತೋಳನ್ನೂ ಪೈಪಿನ ಎರಡು ತುದಿಗೆ ಕಟ್ಟಿದ. ಟೂಲಿ ಗಂಟು ಬಿಗಿ ಮಾಡಿದಳು. ಬಿಸಿನೀರು ಜರ್ಸಿಗೆ ತಾಗಿದ್ದೇ ತಡ ಎಂಥ ವಾಸನೆ ಎದ್ದಿತೆಂದರೆ, ಬಾಯ್ಲರ್ ಕೋಣೆಯ ಬಾಗಿಲಲ್ಲಿದ್ದ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಪ್ಪ ಮಾತ್ರ ಹಗ್ಗ ಹೆಗಲಿಗೆ ಹಾಕಿ ಹೊರಟ. ಹಿಂದೆ ಮೀನು ಬೋರಲಾಗಿ, ತೋಳು ಚಾಚಿ, ಐಸನ್ನು ಒರೆಸುತ್ತ ಹೋಯಿತು. ಮೊದಲ ಸುತ್ತಿನಲ್ಲಿ ಐಸಿನ ಮೇಲೆ ತೆಳುವಾಗಿ ಹಳದಿ ಬಣ್ಣ ಬಿತ್ತು. ಎರಡನೆಯ ಸುತ್ತಿಗೆ ಅದೂ ಹೋಗಿ ಐಸು ಹೊಳೆಯತೊಡಗಿತು.

ಟೂಲಿ ಕ್ಲಾಸಿಗೆ ಹೋಗುವುದನ್ನೇ ಮರೆತಳು. ಪೆಲ್ಟಿಯೇ ಮಿಸ್ ಅವಳನ್ನು ಹುಡುಕಿಕೊಂಡು ಹಿಂಬಾಗಿಲವರೆಗೆ ಬಂದವರು, ಗಾಜಿನಿಂದ ಹೊರಗೆ ನೋಡಿ, ಬಂದ ದಾರಿಯಲ್ಲೇ ಹಿಂದಿರುಗಿದರು.

ಊಟದ ಬೆಲ್ ಆಯಿತು. ಮಕ್ಕಳೆಲ್ಲ ಸ್ಕೇಟ್ ಹಿಡಿದು ಹೋ ಎಂದು ಓಡಿ ಬಂದವರು ಬೇಲಿಯ ಹತ್ತಿರ ನಿಂತುಬಿಟ್ಟರು.

"ಅದು ಬಸ್ ಡ್ರೈವರ್ ಅಲ್ವಾ?" ಎಂದ ಎನ್ಸೊ. "ಅವರು ಯಾಕೆ ಇಲ್ಲಿ?"

ಅಪ್ಪ ಮಕ್ಕಳನ್ನು ಕಂಡು ಟೋಪಿ ಹುಬ್ಬಿನವರೆಗೆ ಎಳೆದುಕೊಂಡ. ತಲೆ ತಗ್ಗಿಸಿ ಬೇಗ ಬೇಗ ನಡೆದ. ಆ ಅವಸರದಲ್ಲಿ ಎಡಗಡೆಯ ಒಂದು ಮೂಲೆ ಬಿಟ್ಟುಹೋಯಿತು.

ಟೂಲಿ ಬೇಲಿಯ ಮೇಲೆ ಹತ್ತಿ ನಿಂತಳು.

"ಅಪ್ಪಾ," ಎಂದು ಕೂಗಿದಳು, ಎಲ್ಲರಿಗೂ ಕೇಳುವಷ್ಟು ಜೋರಾಗಿ. "ಅಪ್ಪಾ, ಆ ಎಡಗಡೆ ಮೂಲೆ ಬಿಟ್ಟೋಯ್ತು ನೋಡು."

ಅಪ್ಪ ಗಕ್ಕನೆ ನಿಂತ. ಟೋಪಿಯನ್ನು ನಿಧಾನವಾಗಿ ಮೇಲೆ ಸರಿಸಿದ. ಆಮೇಲೆ ಬಂಡಿ ತಿರುಗಿಸಿಕೊಂಡು, ಅವಸರವಿಲ್ಲದೆ, ಅಗಲವಾದ ಸುತ್ತು ಹಾಕಿ ಆ ಮೂಲೆಗೆ ಹೋದ.

"ಹಾಗಾದ್ರೆ ಇಷ್ಟು ದಿನ ಐಸ್ ಮಾಡ್ತಿದ್ದಿದ್ದು ಮಿಸ್ಟರ್ ಬರ್ಟ್ ಅಲ್ವಾ?" ಎಂದ ಎನ್ಸೊ. ಎಲ್ಲರೂ ನನ್ನ ಕಡೆ ತಿರುಗಿದರು. ನನಗೆ ಆ ಕ್ಷಣವೇ ಬಾಯ್ಲರ್ ಕೋಣೆಯಲ್ಲಿ ಬಹಳ ಅವಸರದ ಕೆಲಸವೊಂದು ನೆನಪಾಯಿತು. ಆದರೂ ಬಾಗಿಲ ಸಂದಿಯಿಂದ ನೋಡುವುದನ್ನು ಬಿಡಲಿಲ್ಲ.

"ನಮ್ಮಪ್ಪ ಕಣೋ," ಎಂದಳು ಟೂಲಿ.

ಎನ್ಸೊ ಮೂಗು ಮೇಲೆತ್ತಿ ಗಾಳಿ ಮೂಸಿದ. "ಐಸಿಂದ ಯಾಕೋ ನಿನ್ನ ಥರಾನೇ ವಾಸನೆ ಬರ್ತಿದೆ."

"ಐದು ನಿಮಿಷ ತಡಿ. ಹೆಪ್ಪುಗಟ್ಟಿದ್ರೆ ಹೋಗತ್ತೆ."

ಮಕ್ಕಳೆಲ್ಲ ಬೇಲಿಗೆ ಒರಗಿ ಕಾಯುತ್ತ ನಿಂತರು. ಒಬ್ಬಳು ಬುತ್ತಿ ಡಬ್ಬಿ ಬಿಚ್ಚಿ ಸ್ಯಾಂಡ್‌ವಿಚ್ ತಿನ್ನತೊಡಗಿದಳು. ಅಪ್ಪ ಕೊನೆಯ ಸುತ್ತು ಬರುತ್ತಿದ್ದ. ಹಗ್ಗ ಹೆಗಲ ಮೇಲಿತ್ತು, ಹಿಂದೆ ಹಸಿರು ಜರ್ಸಿ ಹೊಸದರಂತೆ ಹೊಳೆಯುತ್ತಿತ್ತು. ಟೂಲಿಯ ಎದುರು ಬಂದಾಗ ಅವನು ಹಗ್ಗದ ಮೇಲಿಂದ ಎರಡು ಬೆರಳು ಎತ್ತಿದ.

ಟೂಲಿ ಕೈಗವಸು ಕಿತ್ತು ತಾನೂ ಎರಡು ಬೆರಳು ಎತ್ತಿದಳು. ಎಷ್ಟು ಚಳಿಯಿದ್ದರೂ, ಅಪ್ಪ ಆ ಕಡೆಯ ತುದಿ ಮುಟ್ಟುವವರೆಗೂ ಅವಳು ಬೆರಳು ಇಳಿಸಲಿಲ್ಲ.

ಆ ವರ್ಷ ನಮ್ಮೂರಿನಲ್ಲಿ ಪೈಕ್ಸ್ ಐಸಿನ ಮೇಲೆ ಇಳಿದದ್ದು ಅದೊಂದೇ ಸಲ.